ಬಿಟ್ಟ ಪದ್ಯಕ್ಕೆ ಅರ್ಥ ಹೇಳಿದ ಟೀಚರ್

ಟೀಚರ ಬಲಗೈಯ ತೋರುಬೆರಳು ಮೇಲಿನ ಗೆಣ್ಣಿನಲ್ಲಿ ಎಡಕ್ಕೆ ಬಾಗಿತ್ತು. ಚಿಕ್ಕವರಿದ್ದಾಗ ಅರೆಯುವ ಕಲ್ಲಿನ ಅಡಿಗೆ ಸಿಕ್ಕಿ ಮುರಿದದ್ದು ತನ್ನಷ್ಟಕ್ಕೆ ಕೂಡಿಕೊಂಡಿತ್ತಂತೆ. ಸಮಾಜ ಪಾಠ ಮಾಡುವವರಿಗೆ ಇರಬಾರದ ಬೆರಳು ಅದು. ಭೂಪಟದ ಮುಂದೆ ನಿಂತು ನೈಜೀರಿಯಾ ಎಂದರೆ ಬೆರಳು ಬೆನಿನ್ ಕಡೆ ನೋಡುತ್ತಿತ್ತು. ಕೀನ್ಯಾ ಎಂದರೆ ಉಗಾಂಡ. ನಾವು ಹಿಂದಿನ ಬೆಂಚಿನವರು ನಗುತ್ತಿದ್ದೆವು. ಟೀಚರೂ ನಗುತ್ತಿದ್ದರು. "ನನ್ನ ಬಾಯಿ ಹೇಳಿದ ದೇಶ ನಿಮಗೆಲ್ಲ ಗೊತ್ತುಂಟು. ಬೆರಳು ತೋರಿಸಿದ್ದು ಯಾವುದು, ಅದನ್ನು ಹೇಳಿ" ಅನ್ನುತ್ತಿದ್ದರು. ಆಮೇಲೆ ಅರ್ಧ ಗಂಟೆ ಬೆನಿನ್‌ದೇ ಪಾಠ.

ಶಿರ್ತಾಡಿಯಿಂದ ಸ್ವಲ್ಪ ಒಳಗೆ ನಮ್ಮ ಹೈಸ್ಕೂಲು. ಟೀಚರ ಮನೆ ಬಂಟ್ವಾಳದ ಹತ್ತಿರ, ಹೊಳೆಯ ಬದಿಯ ನರಿಕೊಂಬಿನಲ್ಲಿ. ದಿನಾ ಅಲ್ಲಿಂದ ಮೂಡುಬಿದಿರೆಗೆ ಒಂದು ಬಸ್ಸು, ಮೂಡುಬಿದಿರೆಯಿಂದ ನಮ್ಮ ಊರಿಗೆ ಇನ್ನೊಂದು. ಇಷ್ಟು ದೂರದಿಂದ ಬರುವವರು ಸಾಮಾನ್ಯವಾಗಿ ಬೆಲ್ಲು ಹೊಡೆಯುವ ಮೊದಲೇ ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಇವರು ಶನಿವಾರ ಮಧ್ಯಾಹ್ನ ಬೆಲ್ಲು ಹೊಡೆದ ಮೇಲೂ ಭೂಪಟ ಸುತ್ತಿಡುತ್ತಿರಲಿಲ್ಲ.

ಶನಿವಾರದ ಕೊನೆಯ ಅರ್ಧ ಗಂಟೆಗೆ ನಾವು ಇಟ್ಟ ಹೆಸರು "ದೇಶ ಹೇಳುವುದು". ಟೀಚರ್ ಊರಿನ ಮಹಿಳಾ ತಾಳಮದ್ದಳೆ ತಂಡದಲ್ಲಿ ಅರ್ಥಧಾರಿ. ಭಾಗವತರು ಪದ್ಯ ಹಾಡುತ್ತಾರೆ. ವೇಷ ಹಾಕದೆ, ಕುಳಿತಲ್ಲೇ, ಆ ಪದ್ಯಕ್ಕೆ ಪಾತ್ರದ ಬಾಯಿಂದ ಮಾತಾಡುವವರು ಅರ್ಥಧಾರಿಗಳು. ಪಾತ್ರ ಬಂದ ಕೂಡಲೇ ನಾನು ಯಾರು, ಯಾಕೆ ಬಂದೆ, ನನ್ನ ನ್ಯಾಯ ಎಂತದು ಎಂದು ಪೀಠಿಕೆ ಹಾಕಬೇಕು. ಅದೇ ಕ್ರಮವನ್ನು ಟೀಚರ್ ಕ್ಲಾಸಿಗೆ ತಂದಿದ್ದರು. ಒಬ್ಬೊಬ್ಬರಿಗೆ ಒಂದೊಂದು ದೇಶ. ಎದ್ದು ನಿಂತು "ನಾನು ಚಾಡ್, ನನಗೆ ಕಡಲಿಲ್ಲ" ಎಂದು ಶುರು ಮಾಡಬೇಕು. ಅಮೆರಿಕ, ರಷ್ಯಾ, ಚೀನಾ, ಪಾಕಿಸ್ತಾನ ಕೇಳಿದರೆ ಸಿಗುತ್ತಿರಲಿಲ್ಲ. ಅವರ ಪರವಾಗಿ ಮಾತಾಡಲಿಕ್ಕೆ ಟಿ.ವಿ.ಯಲ್ಲಿ ದಿನಾ ಜನ ಕೂತಿರ್ತಾರೆ, ನೀವು ಯಾಕೆ ಗಂಟಲು ಒಣಗಿಸುವುದು ಎಂಬುದು ಅವರ ವಾದ.

ಇನ್ನೊಂದು ನಿಯಮವಿತ್ತು. "ಪಾಪ" ಅನ್ನಬಾರದು. ಒಮ್ಮೆ ಒಬ್ಬಳು ದಕ್ಷಿಣ ಸುಡಾನ್ ಹೇಳುವಾಗ ದನಿ ಸಣ್ಣ ಮಾಡಿ, ಪಾಪದ ಮಕ್ಕಳು, ಪಾಪದ ಹೆಂಗಸರು ಎಂದು ಅಳುವ ಹತ್ತಿರ ಬಂದಳು. ಟೀಚರ್ ಅರ್ಧದಲ್ಲೇ ತಡೆದರು. ರಂಗಕ್ಕೆ ಬಂದ ಯಾವ ಪಾತ್ರವೂ ತನ್ನನ್ನು ತಾನು ಪಾಪ ಅಂತ ಹೇಳಿಕೊಳ್ಳುವುದಿಲ್ಲ, ಅದಕ್ಕೆ ಹೇಳಲಿಕ್ಕೆ ವಾದ ಇರುತ್ತದೆ ಎಂದರು. ಪಾಪ ಅಂದು ಮುಗಿಸಿದರೆ ಅವರ ಮಾತು ಕೇಳುವ ಕೆಲಸ ತಪ್ಪಿತಲ್ಲ, ಅದು ತುಂಬ ಸುಲಭದ ದಾರಿ ಎಂದೂ ಹೇಳಿದರು. ಆ ಹುಡುಗಿ ಕಣ್ಣು ಒರೆಸಿಕೊಂಡು ಮತ್ತೆ ಶುರು ಮಾಡಿದಳು. ಎರಡನೆಯ ಸಲ ಅವಳ ದಕ್ಷಿಣ ಸುಡಾನಿಗೆ ಸಿಟ್ಟು ಬಂದಿತ್ತು. ಚೆನ್ನಾಗಿತ್ತು.

ನನಗೆ ಸಿಕ್ಕಿದ್ದು ಮಧ್ಯ ಆಫ್ರಿಕಾ ಗಣರಾಜ್ಯ. ನಾನು ಮುಖ ಸಿಂಡರಿಸಿದೆ. ಇದಕ್ಕೆ ಹೆಸರೇ ಇಲ್ಲ ಟೀಚರ್, ಬರೀ ಅಡ್ರೆಸ್ಸು ಅಂದೆ. ಕ್ಲಾಸು ನಕ್ಕಿತು. ಟೀಚರ್ ನಗಲಿಲ್ಲ, ಹಾಗಾದರೆ ಅದರ ಹೆಸರು ಎಂತ ಅಂತ ಹುಡುಕುವುದು ನಿನ್ನ ಕೆಲಸ ಎಂದರು. ಆಸೆ ಹುಟ್ಟಿಸಲು ಇನ್ನೊಂದು ಮಾತು ಸೇರಿಸಿದರು: ಅದರ ರಾಜಧಾನಿ ಬಾಂಗಿ ನಮ್ಮ ಬಂಟ್ವಾಳದ ಹಾಗೆ ಹೊಳೆ ಬದಿಯ ಪೇಟೆ. ಇಲ್ಲಿ ಆಚೆ ದಡದಲ್ಲಿ ನನ್ನ ಮನೆ, ಅಲ್ಲಿ ಆಚೆ ದಡದಲ್ಲಿ ಬೇರೆ ದೇಶ. ಅವರು ಮನೆಯಲ್ಲಿ, ಸಂತೆಯಲ್ಲಿ ಸಾಂಗೊ ಮಾತಾಡ್ತಾರೆ, ಆಫೀಸಿಗೆ ಹೋದರೆ ಫ್ರೆಂಚ್. ನಮ್ಮ ತುಳು, ಕನ್ನಡದ ಹಾಗೆ.

ನನಗೆ ಆಗಲೇ ಎದುರು ಮಾತಾಡುವ ಚಟ. ನಮ್ಮ ಹಾಗೆ ಇದ್ದರೆ ಮಾತ್ರ ನಾವು ಅವರನ್ನು ಕೇಳಬೇಕಾ, ನಮ್ಮ ಹಾಗೆ ಇಲ್ಲದಿದ್ದರೆ ಬೇಡವಾ ಎಂದು ಕೇಳಿದೆ. ಟೀಚರ್ ಕನ್ನಡಕ ಕೆಳಗೆ ಮಾಡಿ ನನ್ನನ್ನು ನೋಡಿದರು. ಹೋಲಿಕೆ ಬಾಗಿಲು ಮಾತ್ರ, ಒಳಗೆ ಹೋಗದೆ ಬಾಗಿಲಲ್ಲೇ ನಿಲ್ಲುವವರನ್ನು ನಾನೂ ಬೈತೇನೆ ಎಂದರು. ಆವತ್ತಿನಿಂದ ನಾನು ಅವರಿಗೆ "ಲಾಯರ್".

ಮುಂದಿನ ಶನಿವಾರ ಲಾಯರಿನ ಸರದಿ. ನಾನು ಎದ್ದು, ಆ ದೇಶದ ಬಗ್ಗೆ ಬೇಕಾದರೆ ಹೇಳುತ್ತೇನೆ, ನಾನೇ ಆ ದೇಶ ಎಂದು ಹೇಳುವುದಿಲ್ಲ ಎಂದೆ. ನಾನು ಅಲ್ಲಿಗೆ ಹೋಗಿಲ್ಲ. ಅಲ್ಲಿಯ ಒಬ್ಬರನ್ನೂ ಕಂಡಿಲ್ಲ. ಅವರು ನನಗೆ ವಕಾಲತ್ತು ಕೊಟ್ಟಿಲ್ಲ. ಅವರ ಬಾಯಿ ನಾನು ಹೇಗೆ ಆಗುವುದು? ಅದು ಅಹಂಕಾರ ಅಲ್ಲವಾ? ಕ್ಲಾಸಿಗೆ ಕ್ಲಾಸೇ ನನಗೆ ಈಗ ಬೀಳುವ ಬೈಗುಳಕ್ಕೆ ಕಾದು ಕೂತಿತು.

"ನೀನು ಹೇಳುವುದು ಸರಿ ಉಂಟು" ಎಂದರು ಟೀಚರ್. "ಬಸ್ಸಲ್ಲಿ ರಶ್ಶು ಇದ್ದರೆ ನೀವು ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುವುದಿಲ್ಲವಾ? ಆ ಸೀಟು ಕರ್ಚೀಫಿನದ್ದಾ? ಅಲ್ಲ. ಜನ ಬರುವವರೆಗೆ ಬೇರೆಯವರು ಕೂತುಬಿಡಬಾರದು ಅಂತ. ನೀನು ಕರ್ಚೀಫು ಮಾರಾಯ್ತಿ, ಅಷ್ಟೇ. ಅವರು ಬಂದರೆ ಏಳಬೇಕು."

ನಾನು ಒಪ್ಪಲಿಲ್ಲ. ಹತ್ತನೆಯ ಕ್ಲಾಸು ಮುಗಿಯುವವರೆಗೂ "ಆ ದೇಶವು", "ಅಲ್ಲಿಯ ಜನರು" ಎಂದೇ ಹೇಳಿದೆ. ಟೀಚರ್ ಒತ್ತಾಯ ಮಾಡಲಿಲ್ಲ, ಆದರೆ ಬಿಡಲೂ ಇಲ್ಲ. "ಲಾಯರಿನ ದೇಶ ಇನ್ನೂ ಬಸ್ಸು ಹತ್ತಿಲ್ಲ" ಎಂದು ಪ್ರತೀ ಶನಿವಾರ ಚುಚ್ಚುತ್ತಿದ್ದರು.

ನಾವು ಹತ್ತನೆಗೆ ಬಂದ ವರ್ಷ ಹೆಡ್ಮಾಸ್ಟ್ರು ಆ ಅರ್ಧ ಗಂಟೆಯನ್ನು ನಿಲ್ಲಿಸಿದರು. ಅವರು ಕೆಟ್ಟವರಲ್ಲ. ರಿಸಲ್ಟಿನ ಭಾರ ಅವರ ತಲೆ ಮೇಲೆ. ಪರೀಕ್ಷೆಯಲ್ಲಿ ಗುರುತಿಸಲು ಬರುವುದು ಭಾರತದ ನಕ್ಷೆ, ಪ್ರಪಂಚದ್ದಲ್ಲ. ಆ ಹೊತ್ತಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿದರೆ ನಾಲ್ಕು ಮಕ್ಕಳು ಹೆಚ್ಚು ಪಾಸಾಗುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ್ದು ಜಗಲಿಯಲ್ಲಿದ್ದ ನಮಗೂ ಕೇಳಿತು. ಟೀಚರ್ ಜಗಳ ಮಾಡಲಿಲ್ಲ. ಪ್ರಶ್ನೆಪತ್ರಿಕೆ ಬಿಡಿಸಿಯೇ ಕೊಡುತ್ತೇನೆ ಎಂದರು, ಬಿಡಿಸಿಯೂ ಕೊಟ್ಟರು. ಮುಂದಿನ ಶನಿವಾರ ಬರುವಾಗ ಕಂಕುಳಲ್ಲಿ ತಮ್ಮದೇ ಒಂದು ಪ್ರಪಂಚದ ಭೂಪಟ ತಂದಿದ್ದರು. ಶಾಲೆ ಬಿಟ್ಟ ಮೇಲೆ ಶಿರ್ತಾಡಿಯ ಬಸ್ ಸ್ಟ್ಯಾಂಡಿನಲ್ಲಿ, ಯಾರನ್ನೋ ಅಭಿನಂದಿಸುವ ಬ್ಯಾನರಿನ ಕೆಳಗಿದ್ದ ಮೊಳೆಗೆ ಅದನ್ನು ನೇತು ಹಾಕಿದರು.

"ಬಸ್ಸು ಬರುವವರೆಗೆ ನಾನು ಎಂತ ಮಾಡಿದರೂ ಯಾರೂ ಕೇಳುವ ಹಾಗಿಲ್ಲ" ಎಂದರು. "ಹೇಳಿ, ಇವತ್ತು ಯಾರದ್ದು?"

ಹೀಗೆ ನಮ್ಮ ದೇಶ ಹೇಳುವುದು ಬೀದಿಗೆ ಬಿತ್ತು. ಮೀನು ತೆಗೆದುಕೊಂಡು ಹೋಗುವವರು, ಬೀಡಿಯ ಕಟ್ಟು ಕೊಡಲು ಬಂದ ಹೆಂಗಸರು, ಬೈಕಿನ ಮೇಲೆ ಒಂದು ಕಾಲು ಊರಿ ನಿಂತವರು, ಎಲ್ಲರೂ ಕೇಳುಗರು. ಮೊದಲು ತಮಾಷೆ ಮಾಡಿದರು. ಬಸ್ಸಿನ ಕಂಡಕ್ಟರು, ಬಾಗಿಲಿಗೆ ಅಡ್ಡ ಬರುವ ಭೂಪಟದ ಕೋಲು ನೋಡಿ, ಇದಕ್ಕೆ ಅರ್ಧ ಟಿಕೆಟು ಮಾಡ್ಬೇಕಾ ಟೀಚರೇ ಎಂದು ಕೇಳಿದ. ಇಡೀ ಟಿಕೆಟೇ ಕೊಡು, ಇದರಲ್ಲಿ ತುಂಬ ಜನ ಉಂಟು ಎಂದರು ಟೀಚರ್.

ಒಂದು ಶನಿವಾರ ನಮ್ಮ ಕ್ಲಾಸಿನ ಹುಡುಗನೊಬ್ಬ ಅರ್ಥಧಾರಿಯ ಹಾಗೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಎರಿಟ್ರಿಯಾ ಹೇಳುತ್ತಿದ್ದ. ನಾನು ಎರಿಟ್ರಿಯಾ, ನನ್ನ ಹುಡುಗರು ಸೈನ್ಯಕ್ಕೆ ಸೇರಿದರೆ ಯಾವಾಗ ಬಿಡುಗಡೆ ಅಂತ ಅವರಿಗೇ ಗೊತ್ತಿಲ್ಲ, ಅದಕ್ಕೆ ಗಡಿ ದಾಟಿ ಓಡುತ್ತಾರೆ, ಎಂದೆಲ್ಲ. ರಜೆಯಲ್ಲಿ ಗಲ್ಫಿನಿಂದ ಬಂದಿದ್ದ ನಮ್ಮೂರಿನವರೊಬ್ಬರು ಪಕ್ಕದ ಹೋಟೆಲಿನಿಂದ ಚಾ ಗ್ಲಾಸು ಹಿಡಿದುಕೊಂಡೇ ಹೊರಗೆ ಬಂದರು. "ಟೀಚರೇ, ನಮ್ಮ ರೂಮಲ್ಲಿ ಆ ದೇಶದವ ಒಬ್ಬ ಉಂಟು. ಎಷ್ಟೋ ವರ್ಷ ಒಟ್ಟಿಗೆ ಊಟ ಮಾಡಿದ್ದೇವೆ. ಅವನ ಊರು ಎಲ್ಲಿ ಅಂತ ನಾನು ಕೇಳಿಯೇ ಇಲ್ಲ ನೋಡಿ" ಎಂದರು. ಹೇಳಿದವರೇ ನಾಚಿಕೊಂಡು, ಅಲ್ಲಿಯೇ ಫೋನು ತೆಗೆದು ಅವನಿಗೆ ವಿಡಿಯೋ ಕಾಲ್ ಮಾಡಿದರು.

ಪರದೆಯ ಮೇಲೆ ಬನಿಯನು ಹಾಕಿಕೊಂಡ ತೆಳ್ಳಗಿನ ಮನುಷ್ಯ ಬಂದ. ಹಿಂದೆ ಡಬಲ್ ಡೆಕ್ಕರ್ ಮಂಚ, ಹಗ್ಗದ ಮೇಲೆ ಒಣಗಿದ ಬಟ್ಟೆ. ಟೀಚರಿಗೆ ಗಡಿಬಿಡಿಯಾಯಿತು. ಗಡಿಬಿಡಿಯಾದರೆ ಅವರ ಕನ್ನಡ ಹೋಗಿ ತುಳು ಬರುತ್ತಿತ್ತು. ಮಾತಾಡುತ್ತಿದ್ದ ಹುಡುಗನ ಭುಜ ಹಿಡಿದು ಬೆಂಚಿನಿಂದ ಎಬ್ಬಿಸಿದರು.

"ಲಕ್ಕ್ ಮಾರಾಯ, ಲಕ್ಕ್. ಆರ್ ಬತ್ತೆರ್."

ಏಳು, ಅವರು ಬಂದರು. ಖಾಲಿಯಾದ ಬೆಂಚಿನ ಮೇಲೆ, ನೀರಿನ ಬಾಟಲಿಗೆ ಒರಗಿಸಿ ಫೋನು ಇಟ್ಟರು. ನಾವು ಸುತ್ತ ನಿಂತೆವು.

ಆ ಮನುಷ್ಯ ಗಲ್ಫಿನಲ್ಲಿ ಕಲಿತ ಹಿಂದಿಯಲ್ಲಿ ಮಾತಾಡಿದ. ಸೈನ್ಯದ ಸುದ್ದಿ ಎತ್ತಲಿಲ್ಲ. ನಿಮ್ಮ ಊರಲ್ಲಿ ಸೈಕಲ್ ರೇಸ್ ಉಂಟಾ ಎಂದು ಕೇಳಿದ. ಇಲ್ಲ ಎಂದೆವು. ಅವನಿಗೆ ಅಚ್ಚರಿ. ಅವನ ಊರು ಅಸ್ಮರ ಎತ್ತರದ ಜಾಗದಲ್ಲಿ ಇರುವುದು, ರೇಸಿನ ದಿನ ಇಡೀ ಪೇಟೆ ರಸ್ತೆ ಬದಿಗೆ ಬರುವುದು, ತಾನೂ ಹುಡುಗನಾಗಿದ್ದಾಗ ರೇಸಿಗೆ ಹೋಗಿ ತಿರುವಿನಲ್ಲಿ ಬಿದ್ದದ್ದು, ಎಲ್ಲ ಹೇಳಿದ. ಫೋನನ್ನು ಬಗ್ಗಿಸಿ ಮೊಣಕಾಲಿನ ಕಲೆಯನ್ನೂ ತೋರಿಸಿದ. ಮೂಡುಬಿದಿರೆಯ ಬಸ್ಸು ಬಂದು, ಹಾರ್ನು ಹಾಕಿ, ಹೋಯಿತು. ಟೀಚರ್ ಹತ್ತಲಿಲ್ಲ.

ಕಾಲ್ ಮುಗಿದ ಮೇಲೆ ನಾನು ನನ್ನ ಗೆಲುವನ್ನು ಪಡೆಯಲು ಮುಂದೆ ಬಂದೆ. ನೋಡಿ ಟೀಚರ್, ನಾವು ಅವರ ಬಗ್ಗೆ ಹೇಳಿದ್ದು ಒಂದು, ಅವರು ಹೇಳಿದ್ದೇ ಇನ್ನೊಂದು. ಇದಕ್ಕೇ ನಾನು ಬೇಡ ಅನ್ನುವುದು.

"ಹೌದು, ನಾವು ಹೇಳಿದ್ದು ಅರ್ಧ" ಎಂದರು ಟೀಚರ್, ಭೂಪಟ ಸುತ್ತುತ್ತಾ. "ಆದರೆ ಲಾಯರೇ, ಈ ಬೆಂಚನ್ನು ನಾವು ಹಿಡಿದು ಇಟ್ಟುಕೊಳ್ಳದಿದ್ದರೆ ಆ ಮನುಷ್ಯ ತನ್ನ ಸೈಕಲನ್ನು ಎಲ್ಲಿ ತಂದು ನಿಲ್ಲಿಸುತ್ತಿದ್ದ?"

ಸೋತೆ ಎಂದು ಒಪ್ಪಿಕೊಳ್ಳುವ ಅಭ್ಯಾಸ ನನಗೆ ಇರಲಿಲ್ಲ.

ಮೂಡುಬಿದಿರೆಯಲ್ಲಿ ಕಾಲೇಜು ಸೇರಿದ ಮೇಲೆ ಚರ್ಚಾಸ್ಪರ್ಧೆ ನನ್ನ ಕಸುಬೇ ಆಯಿತು. ದೂರದ ದೇಶಗಳ ಸುದ್ದಿ ನಮಗೆ ಬೇಕೇ ಎಂಬ ವಿಷಯ ಒಮ್ಮೆ ಬಂತು. ನಾನು ಬೇಡ ಎಂಬ ಪಕ್ಷ ಹಿಡಿದು ಗೆದ್ದೆ. ಮನುಷ್ಯನ ಗಮನಕ್ಕೆ ಮಿತಿ ಉಂಟು, ನಮ್ಮ ರಸ್ತೆಯ ಹೊಂಡಕ್ಕೆ ಯಾರೂ ಬರದಿರುವಾಗ ಬುರುಂಡಿಗೆ ಅಳುವುದು ಹೊಣೆಯಿಂದ ನುಣುಚಿಕೊಳ್ಳುವ ಉಪಾಯ ಎಂದು ವಾದಿಸಿದ್ದೆ. ತೀರ್ಪುಗಾರರು ತಲೆದೂಗಿದರು. ಬಹುಮಾನದ ಫಲಕ ಹಿಡಿದುಕೊಂಡು ಬೇಕೆಂದೇ ನರಿಕೊಂಬಿಗೆ ಹೋದೆ. ಟೀಚರ್ ಆಗ ನಿವೃತ್ತರಾಗಿದ್ದರು. ನನ್ನ ವಾದವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಿ ಕೇಳಿದರು. ರಸ್ತೆಯ ಹೊಂಡದ ಮಾತು ಚೆನ್ನಾಗಿ ಉಂಟು ಎಂದು ಮೆಚ್ಚಿದರು. ಪುನರ್ಪುಳಿ ಶರಬತ್ತು ಕೊಟ್ಟರು. ಆಮೇಲೆ ಅಂಗಳದಾಚೆಯ ಹೊಳೆಯ ಕಡೆ ಕೈ ತೋರಿಸಿದರು.

"ಟಿ.ವಿ.ಯಲ್ಲಿ ನಮ್ಮ ಬಂಟ್ವಾಳ ಯಾವಾಗ ಬರ್ತದೆ ಹೇಳು. ಹೊಳೆಯ ನೀರು ಪೇಟೆಗೆ ನುಗ್ಗಿದರೆ ಬರ್ತದೆ. ಇಲ್ಲದಿದ್ರೆ ಗಲಾಟೆ ಆದರೆ ಬರ್ತದೆ. ಬಾಕಿ ದಿನ ನಾವು ಇಲ್ಲವಾ? ಬೆಂಗಳೂರಿನಲ್ಲಿ ಕೂತವನಿಗೆ ನಾವು ಒಂದು ಬುರುಂಡಿಯೇ ಮಾರಾಯ್ತಿ."

ಈ ಮಾತಿಗೆ ಎದುರುತ್ತರ ಹುಡುಕುತ್ತಾ ನಾನು ಬಸ್ಸು ಹತ್ತಿದೆ. ಹುಡುಕುತ್ತಲೇ ಇದ್ದೇನೆ.

ಅದೇ ವರ್ಷ ಗುರುವಾಯನಕೆರೆಯಲ್ಲಿ ಅವರ ತಂಡದ ತಾಳಮದ್ದಳೆ ಇತ್ತು. ಟೀಚರ್ ಯಾವಾಗಲೂ ಚಿಕ್ಕ ಪಾತ್ರವನ್ನೇ ಕೇಳಿ ತೆಗೆದುಕೊಳ್ಳುವವರು. ಅಂದಿನದ್ದು ಒಬ್ಬ ಸಣ್ಣ ರಾಜ. ಎರಡು ಮಹಾ ರಾಜರ ಯುದ್ಧಕ್ಕೆ ಹೊರಟ ದಂಡು ಅವನ ಊರಿನ ಮೇಲೆ ಹಾದುಹೋಗುತ್ತದೆ. ಅವನಿಗೆ ಎರಡೇ ಪದ್ಯ. ಸಭಾ ಕಾರ್ಯಕ್ರಮದಲ್ಲಿ ಅತಿಥಿಗಳ ಭಾಷಣ ಮುಗಿಯದೆ ತಾಳಮದ್ದಳೆ ಶುರುವಾಗುವಾಗಲೇ ತಡವಾಗಿತ್ತು. ಹೊತ್ತು ಸಾಲದು ಎಂದು ಭಾಗವತರು ಸಣ್ಣ ರಾಜನ ಎರಡನೆಯ ಪದ್ಯವನ್ನು ಬಿಟ್ಟು ಮಹಾರಾಜರ ಪದ್ಯಕ್ಕೆ ಕೈ ಹಾಕಿದರು. ಪದ್ಯ ಬಿಡುವುದು ಹೊಸತೇನಲ್ಲ. ಬಿಟ್ಟರೆ ಆ ಅರ್ಥಧಾರಿ ಶಾಲು ಸರಿ ಮಾಡಿಕೊಂಡು ಸುಮ್ಮನೆ ಕೂರುವುದು ಕ್ರಮ.

ಟೀಚರ್ ಕೂರಲಿಲ್ಲ. ಭಾಗವತರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೈಕನ್ನು ತಮ್ಮ ಕಡೆ ಎಳೆದು, ಹಾಡದ ಪದ್ಯಕ್ಕೆ ಅರ್ಥ ಶುರು ಮಾಡಿದರು. ಮದ್ದಳೆಯವರ ಕೈ ಗಾಳಿಯಲ್ಲೇ ನಿಂತಿತು. ಅಂದು ಅವರು ಆಡಿದ ಒಂದು ಮಾತು ನನಗೆ ಬಾಯಿಪಾಠ ಉಂಟು: "ನಿಮ್ಮ ದಂಡು ಹಾದುಹೋದ ದಾರಿ ಎಂದು ನೀವು ಯಾವುದನ್ನು ಕರೆಯುತ್ತೀರೋ, ಅದು ನನ್ನ ಊರು. ನಿಮ್ಮ ಕಥೆಯಲ್ಲಿ ನಾನು ಒಂದು ರಾತ್ರಿಯ ಬಿಡಾರ. ನನ್ನ ಕಥೆಯಲ್ಲಿ ನೀವು ಒಂದು ಬೆಂಕಿ."

ಸಭೆ ಕೈತಟ್ಟಿತು. ಭಾಗವತರು ಮಾತ್ರ ಕೆಂಪಗಾಗಿದ್ದರು. ಕೂಟ ಮುಗಿದ ಮೇಲೆ ಊಟದ ಹಂತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, ಪದ್ಯ ಆಗದೆ ಅರ್ಥ ಹೇಳುವ ಕ್ರಮ ಎಲ್ಲಿಯೂ ಇಲ್ಲ ಎಂದರು. ಅತಿಥಿಗಳು ಅಷ್ಟು ಹೊತ್ತು ಮೈಕು ತಿನ್ನುವಾಗ ಕ್ರಮ ಎಲ್ಲಿಗೆ ಹೋಗಿತ್ತು ಭಾಗವತರೇ ಎಂದು ಟೀಚರ್ ಕೇಳಿದರು. ಕೇಳಿ, ಅವರ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಲು ಹೇಳಿದರು. ಮುಂದೆ ಆ ಭಾಗವತರು ಟೀಚರ ಪದ್ಯವನ್ನು ಬಿಟ್ಟದ್ದು ನಾನು ಕಾಣೆ. ಮಾತಾಡಿಸುವುದನ್ನು ಮಾತ್ರ ಸ್ವಲ್ಪ ಕಾಲ ಬಿಟ್ಟಿದ್ದರು.

ಕಳೆದ ಮಳೆಗಾಲದಲ್ಲಿ ಟೀಚರ್ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದರು. ನಾನು ಹೋದಾಗ ನರ್ಸು ಬೆರಳಿಗೆ ಹಾಕುವ ಕ್ಲಿಪ್ಪಿನೊಂದಿಗೆ ಒದ್ದಾಡುತ್ತಿದ್ದರು. ಸೊಟ್ಟ ಬೆರಳಿಗೆ ಅದು ನಿಲ್ಲುತ್ತಿರಲಿಲ್ಲ. ಕೊನೆಗೆ ಪಕ್ಕದ ಬೆರಳಿಗೆ ಹಾಕಿದರು. ಈ ಬೆರಳು ಯಾವಾಗಲೂ ಪಕ್ಕದವರಿಗೇ ಕೊಡಿಸುವುದು ಎಂದು ಟೀಚರ್ ನಕ್ಕರು. ನಗು ಮೊದಲಿನದ್ದೇ, ದನಿ ಇಳಿದಿತ್ತು.

ಹೊರಗೆ ಕಾಯುವವರ ಟಿ.ವಿ.ಯಲ್ಲಿ ಎಂತ ಬರ್ತಾ ಉಂಟು ಎಂದು ಕೇಳಿದರು. ಯಾರೋ ಸಿನಿಮಾದವರ ಮದುವೆ, ಬೆಳಗ್ಗೆಯಿಂದ ಅದೇ ಎಂದೆ. ಸುಡಾನಿನದ್ದು ಎಂತಾದರೂ ಬಂತಾ ಎಂದರು. ಇಲ್ಲ ಎಂದೆ. ಅವರು ಕಣ್ಣು ಮುಚ್ಚಿದರು. ನಿದ್ದೆ ಬಂತು ಎಂದುಕೊಂಡು ಎದ್ದೆ.

"ನಾನು ಹೋದ ಮೇಲೆ ಸಭೆ ಮಾಡ್ತಾರೆ" ಎಂದರು, ಕಣ್ಣು ಮುಚ್ಚಿಕೊಂಡೇ. "ಸರಳ, ಸಜ್ಜನ, ಅಜಾತಶತ್ರು, ಎಲ್ಲ ಹೇಳ್ತಾರೆ. ನೀನು ಅದನ್ನು ಹೇಳಬೇಡ. ನನ್ನ ಬಗ್ಗೆ ಮಾತಾಡ್ಲಿಕ್ಕೆ ಜನ ಉಂಟು, ಲಾಯರ್."

ಅಷ್ಟೇ ಹೇಳಿದ್ದು. ಯಾರ ಬಗ್ಗೆ ಜನ ಇಲ್ಲ ಎಂಬುದನ್ನು ನನಗೆ ಬಿಟ್ಟರು.

ಸಭೆ ನರಿಕೊಂಬಿನಲ್ಲೇ ಆಯಿತು. ಹೂವಿನ ಹಾರ ಹಾಕಿದ ಫೋಟೋದಲ್ಲಿ ಭುಜದವರೆಗೆ ಮಾತ್ರ ಟೀಚರ್, ಬೆರಳು ಇರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು ಸರಳ ಎಂದರು, ಸಜ್ಜನ ಎಂದರು. ಅಜಾತಶತ್ರು ಎಂದವರು ಹೆಡ್ಮಾಸ್ಟ್ರೇ. ಭಾಗವತರು ಮುಂದಿನ ಸಾಲಿನಲ್ಲಿ ಕಣ್ಣು ಕೆಳಗೆ ಹಾಕಿ ಕೂತಿದ್ದರು. ಈಗ ಶಿಷ್ಯೆಯಿಂದ ಟೀಚರ ಬಗ್ಗೆ ಎರಡು ಮಾತು, ಹೊತ್ತು ಕಡಿಮೆ ಉಂಟು ಎಂದು ನಿರೂಪಕರು ನನ್ನನ್ನು ಕರೆದರು.

ವೇದಿಕೆಗೆ ಹೋಗುವವರೆಗೂ ನನಗೆ ಅನುಮಾನ ಇತ್ತು. ಮೈಕಿನ ಮುಂದೆ ನಿಂತಾಗಲೂ ಇತ್ತು. ಬಾಯಿ ತೆರೆದೆ.

"ನಾನು ಮಧ್ಯ ಆಫ್ರಿಕಾ ಗಣರಾಜ್ಯ. ನಿಮ್ಮ ಬಾಯಲ್ಲಿ ನನ್ನ ಹೆಸರು ಒಂದು ವಿಳಾಸ. ನನ್ನವರು ಸಾಂಗೊ ಭಾಷೆಯಲ್ಲಿ ನನ್ನನ್ನು ಆಫ್ರಿಕಾದ ಹೃದಯ ಎಂದು ಕರೆಯುತ್ತಾರೆ. ನನ್ನ ಮಣ್ಣಿನಲ್ಲಿ ವಜ್ರ ಇದೆ. ಅದನ್ನು ಕೊಳ್ಳುವವರಿಗೆ ನಾನು ಎಲ್ಲಿದ್ದೇನೆ ಎಂದು ಚೆನ್ನಾಗಿ ಗೊತ್ತು. ಸುದ್ದಿ ಹೇಳುವವರಿಗೆ ಮಾತ್ರ ದಾರಿ ಸಿಗುವುದಿಲ್ಲ. ನನ್ನನ್ನು ಪಾಪ ಅನ್ನಬೇಡಿ. ನನಗೆ ಒಂದು ವಾದ ಇದೆ."

ಕುರ್ಚಿಗಳು ಕಿರುಗುಟ್ಟಿದವು. ಹೆಡ್ಮಾಸ್ಟ್ರು ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. ನಿರೂಪಕರು ನನ್ನ ಹಿಂದೆ ಬಂದು ನಿಂತು, ಟೀಚರ ಬಗ್ಗೆ, ಟೀಚರ ಬಗ್ಗೆ ಎಂದು ಪಿಸುಗುಟ್ಟಿದರು. ನಾನು ತಿರುಗಲಿಲ್ಲ. ಅವರು ಮೈಕಿಗೆ ಕೈ ಹಾಕುವಷ್ಟರಲ್ಲಿ ಮುಂದಿನ ಸಾಲಿನಿಂದ ಭಾಗವತರ ದನಿ ಬಂತು. ಹಾಡಿ ಪಳಗಿದ ದನಿ, ಮೈಕು ಬೇಡ.

"ಬಿಡಿ ಮಾರಾಯ್ರೆ. ಪದ್ಯ ಆಗದೆ ಅರ್ಥ ಶುರು ಮಾಡಿದ್ದಾಳೆ. ಇನ್ನು ಇವಳನ್ನು ನಿಲ್ಲಿಸಲಿಕ್ಕೆ ಆಗುವುದಿಲ್ಲ."

ನಿರೂಪಕರು ಕೈ ಹಿಂದೆ ತೆಗೆದರು. ನಾನು ಹೊಳೆಯ ಬಗ್ಗೆ ಹೇಳಿದೆ, ಆಚೆ ದಡದ ಬಗ್ಗೆ, ಪಕ್ಕದ ದೇಶದ ಬಂದರಿನಿಂದ ಸಾಮಾನು ಹೊತ್ತು ಬರುವ ಲಾರಿಗಳು ದಾರಿಯಲ್ಲಿ ಯಾರ್ಯಾರಿಗೆ ಹೆದರಬೇಕು ಎಂಬುದರ ಬಗ್ಗೆ. ಹೇಳಬೇಕಾದ್ದು ಮುಗಿಯುವವರೆಗೆ ಹೇಳಿದೆ.

ನನ್ನ ಆಕ್ಷೇಪ ಈಗಲೂ ಹಾಗೆಯೇ ಉಂಟು. ನಾನು ಅಲ್ಲಿಗೆ ಹೋಗಿಲ್ಲ, ನನಗೆ ಯಾರೂ ವಕಾಲತ್ತು ಕೊಟ್ಟಿಲ್ಲ, ನಾನು ಹೇಳಿದ್ದು ಅರ್ಧ ಮಾತ್ರ ಎಂಬುದೂ ಗೊತ್ತು. ಬಾಂಗಿಯ ಒಬ್ಬರು ಬಂದು, ಏಳು, ಇದು ನಮ್ಮ ಸೀಟು ಎಂದರೆ ಆ ಕ್ಷಣ ಎದ್ದು ಜಾಗ ಬಿಡುತ್ತೇನೆ. ಹೊತ್ತು ಕಡಿಮೆ ಉಂಟು ಎಂದು ಬೇರೆ ಯಾರು ಬಂದು ಹೇಳಿದರೂ ಏಳುವುದಿಲ್ಲ.